ಪ್ರೋಗ್ರೆಸ್ಸಿವ್ ಕನ್ನಡಕ: ದುಬಾರಿ ಲೆನ್ಸ್ ಬೇಕೇ, ಸರಿಯಾದ ಅಳತೆ ಸಾಕೇ?

ಗಣಿತಮೇಷ್ಟ್ರು (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ವಯಸ್ಸು 49. ದೂರದ ನೋಟಕ್ಕೆ ಕಾಲೇಜಿನ ದಿನಗಳಿಂದಲೂ ಕನ್ನಡಕ ಹಾಕುತ್ತಿದ್ದೇನೆ. ಈಗ ಅದರ ಜೊತೆಗೆ ಚಾಳೀಸೂ ಬಂದಿದೆ. ಕಳೆದ ತಿಂಗಳು ಪರೀಕ್ಷೆ ಮಾಡಿಸಿದಾಗ ಕೊಟ್ಟ ಚೀಟಿಯಲ್ಲಿ ಬಲಗಣ್ಣಿಗೆ ಮೈನಸ್ 1.25, ಎಡಗಣ್ಣಿಗೆ ಮೈನಸ್ 1.50, ಎರಡಕ್ಕೂ ಅಡಿಷನ್ (ಓದಲು ಹೆಚ್ಚುವರಿಯಾಗಿ ಸೇರಿಸುವ ಪವರ್) ಪ್ಲಸ್ 1.75 ಎಂದಿದೆ. ಸಿಲಿಂಡರ್, ಅಂದರೆ ಒಂದೇ ದಿಕ್ಕಿನಲ್ಲಿ ಮಾತ್ರ ಇರುವ ಪವರ್, ಇಲ್ಲ.

ತರಗತಿಯಲ್ಲಿ ನನ್ನ ಪಾಡು ಹೀಗಿದೆ: ಕನ್ನಡಕ ಹಾಕಿದ್ದರೆ ಕೊನೆಯ ಬೆಂಚಿನ ಹುಡುಗ ಏನು ಮಾಡುತ್ತಿದ್ದಾನೆಂದು ಕಾಣುತ್ತದೆ, ಆದರೆ ಮೇಜಿನ ಮೇಲಿನ ಹಾಜರಿ ಪುಸ್ತಕ ಮಸುಕಾಗುತ್ತದೆ, ತೆಗೆದರೆ ಪುಸ್ತಕ ಹೇಗೋ ಓದಬಹುದು, ಹುಡುಗ ಕಾಣುವುದಿಲ್ಲ. ಉತ್ತರಪತ್ರಿಕೆ ತಿದ್ದುವಾಗ ವರ್ಗದ ಮೇಲಿನ 2 ಮತ್ತು 3 ಒಂದೇ ರೀತಿ ಕಾಣತೊಡಗಿದ ಮೇಲೆ ಇನ್ನು ಮುಂದೂಡುವುದು ಸರಿಯಲ್ಲ ಎನಿಸಿತು. ದಿನವೂ ಸ್ಕೂಟರಿನಲ್ಲಿ ಓಡಾಡುತ್ತೇನೆ, ಸಂಜೆ ಒಂದೆರಡು ಗಂಟೆ ಕಂಪ್ಯೂಟರ್ ಮುಂದೆ ಕೂರುತ್ತೇನೆ.

ಅಂಗಡಿಯಲ್ಲಿ ದೂರಕ್ಕೂ ಓದಿಗೂ ಒಂದೇ ಲೆನ್ಸಿನಲ್ಲಿ ಗೆರೆಯಿಲ್ಲದೆ ಪವರ್ ಕೊಡುವ ಪ್ರೋಗ್ರೆಸ್ಸಿವ್ ಲೆನ್ಸಿನ ಮೂರು ದರ್ಜೆಗಳನ್ನು ತೋರಿಸಿದರು. ಮೊದಲನೆಯದಕ್ಕೂ ಮೂರನೆಯದಕ್ಕೂ ಬೆಲೆಯಲ್ಲಿ ಐದು ಪಟ್ಟು ವ್ಯತ್ಯಾಸವಿದೆ. ಅಗ್ಗದ್ದನ್ನು ಹಾಕಿಕೊಂಡರೆ ತಲೆ ಸುತ್ತುತ್ತದೆ ಎಂದು ಅಲ್ಲಿನವರು ಹೇಳಿದರು. ಇದರಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ ಎಂಬುದನ್ನು ಬಳಸಿ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಕಣ್ಣಿನ ಪರೀಕ್ಷಕಿ (ಮೈಸೂರು)

ಮೇಷ್ಟ್ರೇ, ನಾನು ವೃತ್ತಿಯಿಂದ ಆಪ್ಟೋಮೆಟ್ರಿಸ್ಟ್. ನಿಮ್ಮ ಪ್ರಶ್ನೆಯಲ್ಲಿ ಗಣಿತವೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪ್ರೋಗ್ರೆಸ್ಸಿವ್ ಲೆನ್ಸಿನ ಮೇಲ್ಭಾಗದಲ್ಲಿ ದೂರದ ಪವರ್ ಇರುತ್ತದೆ, ಕೆಳಭಾಗದಲ್ಲಿ ಓದುವ ಪವರ್ ಇರುತ್ತದೆ, ಇವೆರಡನ್ನೂ ಸೇರಿಸುವ ನಡುವಿನ ಪಟ್ಟಿಯಲ್ಲಿ ಪವರ್ ಹಂತಹಂತವಾಗಿ ಏರುತ್ತಾ ಹೋಗುತ್ತದೆ. ಈ ಪಟ್ಟಿಯನ್ನು ನಾವು ಕಾರಿಡಾರ್ ಎನ್ನುತ್ತೇವೆ. ಹೀಗೆ ಗೆರೆಯಿಲ್ಲದೆ ಪವರ್ ಏರಿಸಬೇಕಾದರೆ ಕಾರಿಡಾರಿನ ಎರಡೂ ಪಕ್ಕಗಳಲ್ಲಿ ನೋಟವನ್ನು ಮಸುಕಾಗಿಸುವ ಬೇಡದ ಸಿಲಿಂಡರ್ ಹುಟ್ಟಿಕೊಳ್ಳುವುದನ್ನು ಯಾವ ಕಂಪನಿಯೂ ತಪ್ಪಿಸಲಾರದು. ಮಿಂಕ್ವಿಟ್ಸ್ ಎಂಬ ಗಣಿತಜ್ಞರು 1963ರಲ್ಲೇ ಇದಕ್ಕೊಂದು ನಿಯಮ ಕೊಟ್ಟಿದ್ದಾರೆ: ನಡುಗೆರೆಯಲ್ಲಿ ಪವರ್ ಎಷ್ಟು ವೇಗವಾಗಿ ಏರುತ್ತದೆಯೋ ಅದರ ಎರಡರಷ್ಟು ವೇಗದಲ್ಲಿ ಪಕ್ಕಕ್ಕೆ ಆ ದೋಷ ಬೆಳೆಯುತ್ತದೆ. ನಿಮ್ಮ ಅಡಿಷನ್ 1.75 ಅನ್ನು 14 ಮಿಲಿಮೀಟರ್ ಉದ್ದದ ಕಾರಿಡಾರಿನಲ್ಲಿ ಹಂಚಿದರೆ ಪ್ರತಿ ಮಿಲಿಮೀಟರಿಗೆ 0.125 ಡಯಾಪ್ಟರ್ (ಪವರಿನ ಅಳತೆಯ ಏಕಮಾನ) ಆಯಿತು. ಹಾಗಾದರೆ ನಡುಗೆರೆಯಿಂದ ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಹೋದರೆ ಒಂದು ಡಯಾಪ್ಟರಿನಷ್ಟು ಸಿಲಿಂಡರ್ ಬಂದುಬಿಡುತ್ತದೆ. ಅದೇ ಜಾಗದಲ್ಲಿ 2.50 ಅಡಿಷನ್ ತುರುಕಿದರೆ ಸ್ಪಷ್ಟವಾದ ದಾರಿ ಇನ್ನೂ ಕಿರಿದಾಗುತ್ತದೆ. ಆದ್ದರಿಂದಲೇ ಅಡಿಷನ್ ಕಡಿಮೆಯಿರುವಾಗ ಮೊದಲ ಪ್ರೋಗ್ರೆಸ್ಸಿವ್ ಹಾಕಿಕೊಂಡವರು ಬೇಗ ಒಗ್ಗಿಕೊಳ್ಳುತ್ತಾರೆ. ಅರವತ್ತರ ನಂತರ ಮೊದಲ ಬಾರಿಗೆ ಹಾಕಿಕೊಂಡವರು ಹೆಚ್ಚು ಪರದಾಡುತ್ತಾರೆ.

ಇನ್ನು ದರ್ಜೆಗಳ ವಿಚಾರ. ಹೆಚ್ಚು ಬೆಲೆಯ ಲೆನ್ಸಿನಲ್ಲಿ ಈ ದೋಷವನ್ನು ಪಕ್ಕಗಳಲ್ಲಿ ಜಾಣತನದಿಂದ ಹಂಚಿರುತ್ತಾರೆ, ನಿಮ್ಮ ಪವರಿಗೂ ಫ್ರೇಮಿನ ಓರೆಗೂ ಲೆಕ್ಕ ಹಾಕಿ ಮೇಲ್ಮೈಯನ್ನು ಯಂತ್ರದಲ್ಲಿ ಕೊರೆದಿರುತ್ತಾರೆ. ಪವರ್ ಅಥವಾ ಸಿಲಿಂಡರ್ ಹೆಚ್ಚಿರುವವರಿಗೆ, ಅಡಿಷನ್ ಎರಡಕ್ಕಿಂತ ಮೇಲಿರುವವರಿಗೆ ಇದರ ಪ್ರಯೋಜನ ಚೆನ್ನಾಗಿ ತಿಳಿಯುತ್ತದೆ. ನಿಮ್ಮ ಪವರಿಗೆ ನಡುವಿನ ದರ್ಜೆ ಧಾರಾಳವಾಗಿ ಸಾಕು. ಅತಿ ದುಬಾರಿ ಲೆನ್ಸನ್ನು ತಪ್ಪು ಅಳತೆಯಲ್ಲಿ ಕೂರಿಸಿದ ಕನ್ನಡಕಕ್ಕಿಂತ ನಡುವಿನ ದರ್ಜೆಯ ಲೆನ್ಸನ್ನು ಸರಿಯಾಗಿ ಕೂರಿಸಿದ ಕನ್ನಡಕವೇ ಮೇಲು ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಫ್ರೇಮನ್ನು ಮೊದಲು ಆರಿಸಿ, ಅದನ್ನು ನಿಮ್ಮ ಮೂಗಿಗೂ ಕಿವಿಗೂ ಹೊಂದಿಸಿದ ನಂತರವೇ ಅಳತೆ ತೆಗೆಯಬೇಕು. ಮೂಗಿನ ನಡುವಿನಿಂದ ಬಲ ಪಾಪೆಗೆ ಎಷ್ಟು, ಎಡ ಪಾಪೆಗೆ ಎಷ್ಟು ಎಂದು ಪಿಡಿಯನ್ನು ಬೇರೆಬೇರೆಯಾಗಿ ಅಳೆಯಬೇಕು. ಪಾಪೆಯ ನಡುವಿನಿಂದ ಲೆನ್ಸಿನ ಕೆಳ ಅಂಚಿನವರೆಗಿನ ಎತ್ತರವನ್ನೂ ಅಳೆಯಬೇಕು. ಈ ಎತ್ತರ 18 ಮಿಲಿಮೀಟರಿಗಿಂತ ಕಡಿಮೆಯಾಗದ ಫ್ರೇಮನ್ನು ಆರಿಸಿದರೆ ಕಾರಿಡಾರನ್ನು ಇಕ್ಕಟ್ಟು ಮಾಡಬೇಕಾಗುವುದಿಲ್ಲ. ಏವಿಯೇಟರ್ ಆಕಾರದ ಫ್ರೇಮು ಎತ್ತರವಾಗಿದ್ದರೂ ಮೂಗಿನ ಬದಿಯ ಕೆಳಮೂಲೆಯನ್ನು ಕತ್ತರಿಸುತ್ತದೆ, ಓದುವಾಗ ಕಣ್ಣು ಒಳಕ್ಕೆ ತಿರುಗಿ ನೋಡುವುದು ಅದೇ ಮೂಲೆಯಿಂದ. ಅಳತೆ ತೆಗೆಯುವವರು ನಿಮ್ಮ ಕಣ್ಣಿನ ಮಟ್ಟಕ್ಕೆ ತಮ್ಮ ಕಣ್ಣನ್ನು ತಂದುಕೊಂಡು, ನೀವು ಸಹಜವಾಗಿ ನೇರ ನೋಡುತ್ತಿರುವಾಗ ಫ್ರೇಮಿನ ಜೊತೆ ಬರುವ ಪವರಿಲ್ಲದ ಡೆಮೊ ಲೆನ್ಸಿನ ಮೇಲೆ ಪೆನ್ನಿನಿಂದ ಗುರುತು ಹಾಕದಿದ್ದರೆ ಅಂತಹ ಅಂಗಡಿಯಲ್ಲಿ ಪ್ರೋಗ್ರೆಸ್ಸಿವ್ ಮಾಡಿಸಬೇಡಿ.

ನಿವೃತ್ತ ಗುಮಾಸ್ತ (ಧಾರವಾಡ)

ಮೇಡಂ ಅವರ ವಿವರಣೆಗೆ ಧನ್ಯವಾದ. ಆದರೆ ಮೇಲೆ ದೂರಕ್ಕೆ, ಕೆಳಗೆ ಓದಿಗೆ ಎಂದು ಗೆರೆಯಿಂದ ಎರಡು ಭಾಗ ಮಾಡಿದ ಬೈಫೋಕಲ್ ಎಂಬುದೊಂದು ಇದೆ ಎಂಬುದನ್ನೇ ಈಚಿನ ಅಂಗಡಿಗಳು ಮರೆತಂತೆ ಕಾಣುವುದರಿಂದ ಅದರ ಪರವಾಗಿ ಒಬ್ಬರಾದರೂ ಮಾತನಾಡಬೇಕು. ಬೆಂಜಮಿನ್ ಫ್ರಾಂಕ್ಲಿನ್ 1784ರ ಪತ್ರವೊಂದರಲ್ಲಿ ಬೈಫೋಕಲ್ಲಿನ ಮೂಲರೂಪವಾದ ತನ್ನ ಜೋಡಿ ಕನ್ನಡಕದಿಂದ ತನಗಾದ ಸುಖವನ್ನು ಹೇಳಿಕೊಂಡಿದ್ದಾನೆ. ಬೈಫೋಕಲ್ಲಿನ ಬಗ್ಗೆ ನನ್ನ ಅಭಿಪ್ರಾಯವೂ ಅದೇ.

ನಾನು ಡಿ ಆಕಾರದ ಬೈಫೋಕಲ್ ಬಳಸುತ್ತೇನೆ. ಓದುವ ಭಾಗ 28 ಮಿಲಿಮೀಟರ್ ಅಗಲವಿದೆ, ಅಷ್ಟು ಅಗಲವೂ ಒಂದೇ ಪವರ್. ಬೆಳಿಗ್ಗೆ ದಿನಪತ್ರಿಕೆಯನ್ನು ಹರಡಿಕೊಂಡು ಕುಳಿತರೆ ಎರಡು ಮೂರು ಕಾಲಂಗಳನ್ನು ತಲೆ ತಿರುಗಿಸದೆ ಓದುತ್ತೇನೆ. ಪಂಚಾಂಗದ ಸಣ್ಣ ಅಕ್ಷರಗಳೂ ಅವುಗಳ ಕೆಳಗಿನ ಇನ್ನೂ ಸಣ್ಣ ಒತ್ತುಗಳೂ ಸ್ಪಷ್ಟವಾಗಿ ಕಾಣುತ್ತವೆ. ಪ್ರೋಗ್ರೆಸ್ಸಿವ್ ಹಾಕಿಕೊಂಡಿರುವ ನನ್ನ ಅಳಿಯಂದಿರು ಅದೇ ಪತ್ರಿಕೆಯನ್ನು ಓದುವಾಗ ಸಾಲಿನ ಕೊನೆಯವರೆಗೂ ಮೂಗನ್ನು ಸಾಲಿನ ಜೊತೆಗೇ ಒಯ್ಯುವುದನ್ನು ನೋಡಿದ್ದೇನೆ. ಗೆರೆ ಕಾಣುತ್ತದೆ, ವಯಸ್ಸಾದವರಂತೆ ತೋರುತ್ತೇವೆ ಎನ್ನುತ್ತಾರೆ. ವಯಸ್ಸಾಗಿದೆಯಲ್ಲ!

ಕಣ್ಣಿನ ಪರೀಕ್ಷಕಿ (ಮೈಸೂರು)

ತಮ್ಮ ಮಾತು ಒಪ್ಪತಕ್ಕದ್ದೇ ಸರ್. ಹೆಚ್ಚಾಗಿ ಓದುವುದು ಬರೆಯುವುದೇ ಕೆಲಸವಾಗಿರುವವರಿಗೆ, ಬೈಫೋಕಲ್ಲಿಗೆ ಈಗಾಗಲೇ ಹೊಂದಿಕೊಂಡು ನೆಮ್ಮದಿಯಾಗಿರುವವರಿಗೆ ಅದನ್ನು ಬದಲಾಯಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಗೆರೆಯನ್ನು ದಾಟುವಾಗ ನೋಟ ಜಿಗಿಯುತ್ತದೆ ಎಂಬುದು ಒಂದು. ತೋಳಿನಷ್ಟು ದೂರದಲ್ಲಿರುವ ವಸ್ತು ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಸಿಗದೆ ಹೋಗುತ್ತದೆ ಎಂಬುದು ಇನ್ನೊಂದು. ತಮ್ಮ ಸೇವಾವಧಿಯ ಬಹುಭಾಗ ಲೆಡ್ಜರಿನಲ್ಲಿ ಕಳೆದಿರಬಹುದು. ಮೇಷ್ಟ್ರು ಮಕ್ಕಳ ಬೆಂಚಿನ ಬಳಿ ನಿಂತು ಅವರ ನೋಟುಪುಸ್ತಕವನ್ನು ಬಗ್ಗದೆ ನೋಡಬೇಕು, ಅದು ನಡುವಿನ ದೂರ.

ಎರಡು ಪರದೆ (ಬೆಂಗಳೂರು)

ನಡುವಿನ ದೂರದ ಮಾತು ಬಂದದ್ದರಿಂದ ಕಂಪ್ಯೂಟರ್ ಕೆಲಸದವರ ಪರವಾಗಿ ಬರೆಯುತ್ತಿದ್ದೇನೆ. ನನಗೆ 56 ವರ್ಷ, ಅಡಿಷನ್ 2.25, ದಿನದ ಎಂಟು ಗಂಟೆ ಎರಡು ಮಾನಿಟರ್‌ಗಳ ಎದುರು ಕೆಲಸ. ಒಳ್ಳೆಯ ಪ್ರೋಗ್ರೆಸ್ಸಿವನ್ನೇ ಮಾಡಿಸಿದ್ದರೂ ಸಂಜೆಯ ವೇಳೆಗೆ ಕತ್ತಿನ ಹಿಂಭಾಗ ಹಿಡಿದುಕೊಳ್ಳುತ್ತಿತ್ತು. ಕಾರಣ ಸರಳವಾಗಿದೆ. ಹತ್ತಿರದ ನೋಟಕ್ಕೆ ಕಣ್ಣು ತಾನೇ ಹೊಂದಿಸಿಕೊಳ್ಳುವ ಶಕ್ತಿ ಹೆಚ್ಚುಕಡಿಮೆ ಉಳಿದಿಲ್ಲದ ಈ ವಯಸ್ಸಿನಲ್ಲಿ 40 ಸೆಂಟಿಮೀಟರ್ ದೂರದ ಪುಸ್ತಕಕ್ಕೆ 2.50 ಡಯಾಪ್ಟರ್ ಬೇಕು, 65 ಸೆಂಟಿಮೀಟರ್ ದೂರದ ಪರದೆಗೆ ಸುಮಾರು 1.50 ಸಾಕು. ಆ 1.50 ಇರುವುದು ಕಾರಿಡಾರಿನ ನಡುವೆ, ಅಂದರೆ ಲೆನ್ಸಿನ ಅತಿ ಕಿರಿದಾದ ಜಾಗದಲ್ಲಿ. ಕಣ್ಣಿನ ಮಟ್ಟದಲ್ಲಿರುವ ಪರದೆಯನ್ನು ಆ ಜಾಗದಿಂದ ನೋಡಬೇಕಾದರೆ ಗದ್ದವನ್ನು ಎತ್ತಲೇಬೇಕು, ಎರಡನೆಯ ಪರದೆಗಾಗಿ ಇಡೀ ತಲೆಯನ್ನು ತಿರುಗಿಸಲೇಬೇಕು. ಲೆನ್ಸಿನ ಬೆಲೆ ಹೆಚ್ಚಿಸಿದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ.

ಪರಿಹಾರವಾಗಿ ಕಚೇರಿಗೆಂದೇ ಬೇರೆ ಲೆನ್ಸ್ ಮಾಡಿಸಿಕೊಂಡೆ. ಆಫೀಸ್ ಲೆನ್ಸ್ ಎಂದು ಕೇಳಿದರೆ ಕೊಡುತ್ತಾರೆ. ಅದರಲ್ಲಿ ದೂರದ ಪವರನ್ನು ಬಿಟ್ಟುಕೊಟ್ಟು ಪರದೆಗೂ ಓದಿಗೂ ಅಗಲವಾದ ಜಾಗ ಮಾಡಿರುತ್ತಾರೆ. ಹಾಕಿಕೊಂಡು ಕೋಣೆಯೊಳಗೆ ಓಡಾಡಬಹುದು, ಗಾಡಿ ಓಡಿಸಬಾರದು. ಮಾನಿಟರನ್ನು ನಾಲ್ಕು ಬೆರಳು ಕೆಳಗಿಳಿಸಿದ್ದೂ ನೆರವಾಯಿತು. ಮೇಷ್ಟ್ರೇ, ಒಂದೆರಡು ಗಂಟೆಯ ಕೆಲಸಕ್ಕೆ ನಿಮಗೆ ಅಷ್ಟೇ ಸಾಕಾಗಬಹುದು, ಎರಡನೆಯ ಕನ್ನಡಕ ಬೇಡ.

ಅಂಗಡಿಯಲ್ಲಿ ಬ್ಲೂ ಕಟ್ ಸೇರಿಸಲೇ ಎಂದು ಖಂಡಿತ ಕೇಳುತ್ತಾರೆ. ನೀಲಿ ಬೆಳಕನ್ನು ತಡೆಯುವ ಲೆನ್ಸುಗಳಿಂದ ಕಂಪ್ಯೂಟರ್ ಕೆಲಸದ ಕಣ್ಣುದಣಿವು ಕಡಿಮೆಯಾದಂತೆ ಕಾಣುವುದಿಲ್ಲ ಎಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ ಹೇಳಿದೆ. ಆ ಹಣವನ್ನು ಪ್ರತಿಫಲನ ತಡೆಯುವ ಒಳ್ಳೆಯ ಆಂಟಿ ರಿಫ್ಲೆಕ್ಷನ್ ಲೇಪನಕ್ಕೆ ಹಾಕಿ. ರಾತ್ರಿ ಎದುರಿನಿಂದ ಬರುವ ಲಾರಿಯ ದೀಪಕ್ಕಾದರೂ ಪ್ರಯೋಜನವಾಗುತ್ತದೆ.

ತೆಂಗಿನಕಾಯಿ ಮಂಡಿ (ತಿಪಟೂರು)

ಅಳತೆಯ ಬಗ್ಗೆ ಮೇಡಂ ಹೇಳಿದ್ದು ಎಷ್ಟು ಮುಖ್ಯ ಎಂಬುದಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ಅಂಗಡಿಯ ಹೆಸರು ಬೇಡ. ಅಲ್ಲಿ ನನ್ನ ಪಿಡಿ 64 ಎಂದು ಒಟ್ಟಿಗೆ ಅಳೆದು, ಬಲಕ್ಕೆ 32, ಎಡಕ್ಕೆ 32 ಎಂದು ಅರ್ಧ ಮಾಡಿ ಬರೆದುಕೊಂಡರು. ಎತ್ತರವನ್ನು ಅಳೆದ ನೆನಪಿಲ್ಲ. ಕನ್ನಡಕ ಬಂದ ದಿನದಿಂದ ದೂರದ ನೋಟ ಚೆನ್ನಾಗಿತ್ತು, ಆದರೆ ಬಿಲ್ ಪುಸ್ತಕ ಓದಬೇಕಾದರೆ ಗದ್ದವನ್ನು ಆಕಾಶಕ್ಕೆ ಎತ್ತಬೇಕಿತ್ತು. ಜೊತೆಗೆ ಪುಸ್ತಕವನ್ನು ಒಂದಂಗುಲ ಬಲಕ್ಕೆ ಸರಿಸಿದರೆ ಮಾತ್ರ ಅಂಕಿಗಳು ತಿಳಿಯಾಗುತ್ತಿದ್ದವು. ಅಂಗಡಿಗೆ ಹೋದಾಗಲೆಲ್ಲ ಒಗ್ಗುತ್ತದೆ ಬಿಡಿ, ಎಲ್ಲರಿಗೂ ಹೀಗೇ ಆಗುತ್ತದೆ ಎಂದೇ ಹೇಳಿ ಕಳುಹಿಸುತ್ತಿದ್ದರು.

ಕೊನೆಗೆ ಬೇರೆ ಊರಿನ ಆಪ್ಟಿಶಿಯನ್ ಒಬ್ಬರ ಬಳಿ ತೋರಿಸಿದೆ. ಅವರು ಲೆನ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದು, ಬರಿಗಣ್ಣಿಗೆ ಸುಲಭವಾಗಿ ಕಾಣದ ಎರಡು ಸಣ್ಣ ವೃತ್ತಗಳನ್ನು ಹುಡುಕಿದರು. ಅವು ಲೆನ್ಸಿನಲ್ಲೇ ಕೊರೆದಿರುವ ಗುರುತುಗಳು, ಒಂದರಿಂದ ಇನ್ನೊಂದಕ್ಕೆ 34 ಮಿಲಿಮೀಟರ್. ಕಿವಿಯ ಕಡೆಯ ವೃತ್ತದ ಕೆಳಗೆ ಅಡಿಷನ್ ಕೂಡ ಕೊರೆದಿರುತ್ತದೆ, ನನ್ನದರಲ್ಲಿ 20 ಎಂದಿತ್ತು, ಅಂದರೆ 2.00. ಆ ವೃತ್ತಗಳ ಮೇಲೆ ಪೆನ್ನಿನಿಂದ ಚುಕ್ಕೆಯಿಟ್ಟು, ಕಂಪನಿಯ ಅಳತೆ ಹಾಳೆಯ ಮೇಲೆ ಲೆನ್ಸನ್ನು ಇರಿಸಿ, ಪಾಪೆಯ ಮುಂದೆ ಬರಬೇಕಾದ ಶಿಲುಬೆಯ ಗುರುತನ್ನು ಮತ್ತೆ ಬರೆದರು. ನಂತರ ಕನ್ನಡಕವನ್ನು ನನಗೆ ಹಾಕಿ ಕನ್ನಡಿಯಲ್ಲಿ ತೋರಿಸಿದರು. ಎರಡೂ ಶಿಲುಬೆಗಳು ಪಾಪೆಗಿಂತ ನಾಲ್ಕು ಮಿಲಿಮೀಟರಿನಷ್ಟು ಕೆಳಗಿದ್ದವು. ಪಿಡಿ ನೋಡಿದರೆ ಬಲಕ್ಕೆ 30.5, ಎಡಕ್ಕೆ 33.5. ನನ್ನ ಮೂಗು ಮುಖದ ನಡುವಿನಲ್ಲಿಲ್ಲ ಎಂಬುದು ಆ ದಿನದವರೆಗೂ ನನಗೆ ಗೊತ್ತಿರಲಿಲ್ಲ.

ಕಣ್ಣಿನ ಪರೀಕ್ಷಕಿ (ಮೈಸೂರು)

ಪುಸ್ತಕವನ್ನು ಬಲಕ್ಕೆ ಸರಿಸಬೇಕಾದದ್ದು ಆ ಅಳತೆಗಳಿಂದಲೇ ತಿಳಿಯುತ್ತದೆ. ಬಲ ಲೆನ್ಸಿನ ನಡು ನಿಮ್ಮ ಪಾಪೆಗಿಂತ ಒಂದೂವರೆ ಮಿಲಿಮೀಟರ್ ಬಲಕ್ಕಿತ್ತು, ಎಡ ಲೆನ್ಸಿನದೂ ಅಷ್ಟೇ ಬಲಕ್ಕಿತ್ತು. ಲೆನ್ಸಿನ ಮೇಲೆ ಒಂದೂವರೆ ಮಿಲಿಮೀಟರ್ ಎಂದರೆ ಓದುವ ದೂರದಲ್ಲಿ ಹೆಚ್ಚುಕಡಿಮೆ ಒಂದಂಗುಲ.

ಒಗ್ಗುತ್ತದೆ ಎಂಬ ಉತ್ತರದ ಬಗ್ಗೆ ಹೇಳುವುದಾದರೆ, ಕೆಲವಕ್ಕೆ ಅದು ಸರಿಯಾದ ಉತ್ತರವೇ. ತಲೆ ತಿರುಗಿಸಿದಾಗ ಪಕ್ಕದ ವಸ್ತುಗಳು ತೇಲಿದಂತೆ ಕಾಣುವುದು, ಬಾಗಿಲಿನ ಚೌಕಟ್ಟು ಸೊಟ್ಟಗಾದಂತೆ ತೋರುವುದು, ಮೆಟ್ಟಿಲಿನ ಆಳ ತಪ್ಪುವುದು, ಇವೆಲ್ಲ ಹೆಚ್ಚಿನವರಲ್ಲಿ ಎರಡು ವಾರದೊಳಗೆ ಕಡಿಮೆಯಾಗುತ್ತವೆ. ಆದರೆ ನೇರ ಮುಂದೆ ನೋಡಿದಾಗ ದೂರ ಮಸುಕಾಗಿದ್ದರೆ, ಓದಲು ಗದ್ದವನ್ನು ವಿಪರೀತ ಎತ್ತಬೇಕಾದರೆ, ಒಂದು ಕಣ್ಣು ಮುಚ್ಚಿ ಓದಿದಾಗ ಒಂದೊಂದು ಕಣ್ಣಿಗೆ ಒಂದೊಂದು ಕಡೆ ಅಕ್ಷರ ಸ್ಪಷ್ಟವಾದರೆ, ಅಥವಾ ವಸ್ತು ಎರಡಾಗಿ ಕಂಡರೆ ಅದು ಒಗ್ಗುವ ಮಾತಲ್ಲ. ಲೆನ್ಸಿನ ಮೇಲಿನ ಹಳದಿ ಅಥವಾ ಬಿಳಿ ಗುರುತುಗಳನ್ನು ಅಳಿಸುವ ಮೊದಲು ನಿಮ್ಮ ಮುಖಕ್ಕೆ ಹಾಕಿ ತೋರಿಸಿ ಎಂದು ಕೇಳಿದರೆ ಅರ್ಧ ತೊಂದರೆ ಅಲ್ಲೇ ಬಯಲಾಗುತ್ತದೆ. ಹೊಂದದಿದ್ದರೆ ಎಷ್ಟು ದಿನದೊಳಗೆ ಬದಲಾಯಿಸಿ ಕೊಡುತ್ತೀರಿ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಸಕ್ಕರೆ ಕಾಯಿಲೆಯಿರುವವರಿಗೆ ಒಂದು ಮಾತು. ರಕ್ತದ ಸಕ್ಕರೆ ಏರುಪೇರಾಗುತ್ತಿರುವಾಗ ಕಣ್ಣಿನ ಪವರ್ ಕೂಡ ಬದಲಾಗುತ್ತದೆ. ಹಾಗಿರುವಾಗ ಪರೀಕ್ಷೆ ಮಾಡಿಸಿ ಕನ್ನಡಕ ಮಾಡಿಸಿದರೆ ಸಕ್ಕರೆ ಹತೋಟಿಗೆ ಬಂದ ಮೇಲೆ ಅದು ಹೊಂದುವುದಿಲ್ಲ, ಬೈಗುಳ ಮಾತ್ರ ಲೆನ್ಸಿಗೆ ಬೀಳುತ್ತದೆ.

ಕಡಲಾಚೆ (ಸಿಡ್ನಿ)

ಉಡುಪಿಯಲ್ಲಿರುವ ನನ್ನ ತಾಯಿಗೆ 74 ವರ್ಷ. ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ, ಇನ್ನೊಂದಕ್ಕೆ ಆಗಬೇಕಿದೆ. ಅವರಿಗೆ ಪ್ರೋಗ್ರೆಸ್ಸಿವ್ ಮಾಡಿಸಬೇಕೆಂದು ಅಣ್ಣ ಹೊರಟಿದ್ದಾನೆ. ನನಗೆ ಅಳುಕು ಇರುವುದು ಮೆಟ್ಟಿಲಿನ ಬಗ್ಗೆ. ನಡೆಯುವಾಗ ಕಾಲ ಬಳಿಯ ನೆಲವನ್ನು ನೋಡುವುದು ಲೆನ್ಸಿನ ಕೆಳಭಾಗದಿಂದ, ಅಲ್ಲಿರುವುದು ಓದುವ ಪವರ್. ಆದ್ದರಿಂದ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ಇಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೀಳುವ ಅಪಾಯವಿದ್ದ ಹಿರಿಯರಿಗೆ ಹೊರಗಿನ ಓಡಾಟಕ್ಕೆಂದು ದೂರದ ಪವರ್ ಮಾತ್ರವಿರುವ ಕನ್ನಡಕವನ್ನೂ ಕೊಟ್ಟು ನೋಡಿದ್ದರು. ನಿಯಮಿತವಾಗಿ ಹೊರಗೆ ಓಡಾಡುವವರಲ್ಲಿ ಬೀಳುವುದು ಕಡಿಮೆಯಾಯಿತು. ವಿಚಿತ್ರವೆಂದರೆ, ಹೊರಗೆ ಅಪರೂಪವಾಗಿ ಹೋಗುವವರು ಆ ಎರಡನೆಯ ಕನ್ನಡಕದಿಂದ ಹೊರಗಡೆ ಇನ್ನೂ ಹೆಚ್ಚು ಬಿದ್ದರು. ಅಮ್ಮ ದಿನವೂ ದೇವಸ್ಥಾನಕ್ಕೆ ನಡೆದು ಹೋಗುವವರು. ಏನು ಮಾಡುವುದು ಲೇಸು?

ಕಣ್ಣಿನ ಪರೀಕ್ಷಕಿ (ಮೈಸೂರು)

ಈಗಲೇ ದುಬಾರಿ ಕನ್ನಡಕ ಬೇಡ ಎಂದು ನಿಮ್ಮ ಅಣ್ಣನವರಿಗೆ ಹೇಳಿ. ಒಂದು ಕಣ್ಣಿನ ಪವರ್ ಶಸ್ತ್ರಚಿಕಿತ್ಸೆಯಿಂದ ಬದಲಾಗಿರುವಾಗ ಎರಡು ಕಣ್ಣುಗಳ ನಡುವೆ ವ್ಯತ್ಯಾಸ ಹೆಚ್ಚಾಗಿರುತ್ತದೆ. ಎರಡು ಡಯಾಪ್ಟರ್ ವ್ಯತ್ಯಾಸವಿದ್ದರೆ, ಲೆನ್ಸಿನ ನಡುವಿನಿಂದ ಒಂದು ಸೆಂಟಿಮೀಟರ್ ಕೆಳಗೆ ನೋಡಿದಾಗ ಎರಡು ಕಣ್ಣುಗಳ ಚಿತ್ರಗಳು ಮೇಲೆ ಕೆಳಗೆ ಎರಡು ಪ್ರಿಸಂ ಡಯಾಪ್ಟರಿನಷ್ಟು (ಒಂದು ಮೀಟರ್ ದೂರದಲ್ಲಿ ಎರಡು ಸೆಂಟಿಮೀಟರಿನಷ್ಟು) ಸರಿಯುತ್ತವೆ, ಓದುವಾಗ ಅಕ್ಷರ ಎರಡಾಗುವುದೂ ಉಂಟು. ಇನ್ನೊಂದು ಕಣ್ಣಿನ ಚಿಕಿತ್ಸೆಯೂ ಮುಗಿದು, ಪವರ್ ಸ್ಥಿರವಾಗಲು ಕೆಲವು ವಾರ ಬಿಟ್ಟು ವೈದ್ಯರು ಹೇಳಿದ ಮೇಲೆ ಕನ್ನಡಕ ಮಾಡಿಸಲಿ. ಆಗಲೂ ದಿನವೂ ನಡೆಯುವವರಾದ್ದರಿಂದ ಓಡಾಟಕ್ಕೆ ದೂರದ ಕನ್ನಡಕ, ಓದಲು ಓದುವ ಕನ್ನಡಕ ಎಂದು ಎರಡು ಬೇರೆಯಾಗಿದ್ದರೆ ಒಳ್ಳೆಯದು. ಎರಡೂ ಚಿಕಿತ್ಸೆಗಳು ಚೆನ್ನಾಗಿ ಆದರೆ ದೂರಕ್ಕೆ ಕನ್ನಡಕವೇ ಬೇಕಾಗದಿರಬಹುದು. ಆಗ ಸರಳವಾದ ಓದುವ ಕನ್ನಡಕವೊಂದೇ ಸಾಕು.

ಗಣಿತಮೇಷ್ಟ್ರು (ಹಾಸನ)

ಎಲ್ಲರಿಗೂ ಕೃತಜ್ಞತೆಗಳು. ನಡುವಿನ ದರ್ಜೆಯ ಲೆನ್ಸನ್ನೇ ಆರಿಸಿ, ಬೇರೊಂದು ಅಂಗಡಿಯಲ್ಲಿ ಮಾಡಿಸಿದೆ. ಅಲ್ಲಿನ ಹುಡುಗ ನಾನು ಕೇಳುವ ಮೊದಲೇ ಡೆಮೊ ಲೆನ್ಸಿನ ಮೇಲೆ ಗುರುತು ಹಾಕಿದ. ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಿದ. ಪಾಪೆಯಿಂದ ಕೆಳ ಅಂಚಿಗೆ 20 ಮಿಲಿಮೀಟರ್ ಬಂದಿದೆ.

ಮೊದಲ ದಿನ ಕಾರಿಡಾರ್ ಎಂಬುದರ ಅರ್ಥ ಶಾಲೆಯ ಕಾರಿಡಾರಿನಲ್ಲೇ ಆಯಿತು: ನೆಲವೆಲ್ಲ ತೊಟ್ಟಿಲಿನಂತೆ ತೂಗಿತು. ಮೆಟ್ಟಿಲು ಇಳಿಯುವಾಗ ಗದ್ದವನ್ನು ಎದೆಗೆ ಒತ್ತಿ, ಲೆನ್ಸಿನ ಮೇಲ್ಭಾಗದಿಂದ ಮೆಟ್ಟಿಲು ನೋಡುವ ಅಭ್ಯಾಸ ಮಾಡಿಕೊಂಡೆ. ಹಳೆಯ ಕನ್ನಡಕವನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೂ ಒಳ್ಳೆಯದಾಯಿತು. ಎರಡನ್ನೂ ಬದಲಿಸಿ ಬದಲಿಸಿ ಹಾಕಿಕೊಂಡ ಸಹೋದ್ಯೋಗಿಯೊಬ್ಬರು ಇನ್ನೂ ಒಗ್ಗಿಲ್ಲ ಎನ್ನುತ್ತಿದ್ದಾರೆ. ಈಗ ತೂಗಾಟ ನಿಂತಿದೆ. ಹಾಜರಿ ಪುಸ್ತಕದಿಂದ ತಲೆಯೆತ್ತದೆ ಕಣ್ಣು ಮಾತ್ರ ಎತ್ತಿ ಕೊನೆಯ ಬೆಂಚನ್ನು ನೋಡಬಲ್ಲೆ, ಹುಡುಗರಿಗೆ ಇದು ಇಷ್ಟವಾದಂತಿಲ್ಲ. ಉತ್ತರಪತ್ರಿಕೆಯ ಘಾತಾಂಕಗಳೂ ಕಾಣುತ್ತಿವೆ.

ಒಂದು ತೊಂದರೆ ಉಳಿದಿದೆ. ಸ್ಕೂಟರಿನಲ್ಲಿ ಹೋಗುವಾಗ ಮಾತ್ರ ರಸ್ತೆಯ ಫಲಕಗಳು ಮಂಜಾಗುತ್ತವೆ. ನಡೆಯುವಾಗ ಅದೇ ಫಲಕ ಚೆನ್ನಾಗಿ ಕಾಣುತ್ತದೆ. ಗದ್ದವನ್ನು ಸ್ವಲ್ಪ ಕೆಳಗೆ ಮಾಡಿದರೆ ಸ್ಕೂಟರಿನ ಮೇಲೂ ಸ್ಪಷ್ಟವಾಗುತ್ತದೆ. ಗಾಳಿಯಿಂದ ಕಣ್ಣಿಗೆ ಹೀಗಾಗುತ್ತಿರಬಹುದೇ?

ಕಣ್ಣಿನ ಪರೀಕ್ಷಕಿ (ಮೈಸೂರು)

ಗಾಳಿಯಲ್ಲ, ಹೆಲ್ಮೆಟ್ ಇರಬೇಕು. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ಟಿನ ಕೆನ್ನೆಯ ದಿಂಬುಗಳು ಫ್ರೇಮನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆ ತಳ್ಳಿದರೆ ಕಾರಿಡಾರಿನ ಆರಂಭ ಪಾಪೆಯ ಮುಂದೆ ಬಂದುಬಿಡುತ್ತದೆ, ನೀವು ದೂರವನ್ನು ಅಡಿಷನ್ ಸೇರಿದ ಜಾಗದಿಂದ ನೋಡುತ್ತೀರಿ. ಗದ್ದ ಇಳಿಸಿದಾಗ ಸರಿಹೋಗುವುದು ಅದಕ್ಕೇ. ಮೊದಲು ಹೆಲ್ಮೆಟ್ ಹಾಕಿ, ವೈಸರ್ ಎತ್ತಿ, ಆಮೇಲೆ ಕನ್ನಡಕವನ್ನು ಒಳಕ್ಕೆ ಜಾರಿಸಿ ಮೂಗಿನ ಮೇಲೆ ಕೂರಿಸಿ ನೋಡಿ. ಕಡ್ಡಿಗಳು ದಪ್ಪವಾಗಿದ್ದು ಆಗಲೂ ಫ್ರೇಮು ಏರಿದರೆ ಹೆಲ್ಮೆಟ್ಟನ್ನು ಅಂಗಡಿಗೇ ಒಯ್ದು, ಅದನ್ನು ಹಾಕಿಕೊಂಡೇ ಕಡ್ಡಿಯ ಬಾಗನ್ನು ಸರಿಪಡಿಸಿಕೊಳ್ಳಿ. ಕನ್ನಡಿಗಳನ್ನು ನೋಡಲು ಕಣ್ಣನ್ನು ಮಾತ್ರ ಹೊರಳಿಸದೆ ತಲೆಯನ್ನೇ ತಿರುಗಿಸಿ, ಲೆನ್ಸಿನ ಪಕ್ಕಗಳಲ್ಲಿ ಹಿಂದಿನ ಬಸ್ಸಿನ ದೂರ ಸರಿಯಾಗಿ ತಿಳಿಯುವುದಿಲ್ಲ.

ಗಣಿತಮೇಷ್ಟ್ರು (ಹಾಸನ)

ಇಂದು ಬೆಳಿಗ್ಗೆ ಹೆಲ್ಮೆಟ್ ಹಾಕಿದ ಮೇಲೆ ಕನ್ನಡಕ ಹಾಕಿಕೊಂಡು ಹೋದೆ. ಫಲಕಗಳು ಓದಲು ಬಂದವು. ಬಲಗಡೆಯ ಕಡ್ಡಿ ಕಿವಿಯ ಮೇಲೆ ಸ್ವಲ್ಪ ಒತ್ತುತ್ತಿದೆ, ಶನಿವಾರ ಹೆಲ್ಮೆಟ್ ಸಮೇತ ಅಂಗಡಿಗೆ ಹೋಗುತ್ತೇನೆ.